ಪರದೇಶದ ವಿದ್ಯಾರ್ಥಿಯಾಗಿ ಹ್ಯೂಯೆನ್ ತ್ಸಾಂಗ್

ಇಮ್ಮಡಿ ಪುಲಕೇಶಿಯ ಕಾಲದ ಕನ್ನಡ ನಾಡನ್ನು ಕುರಿತು ಬರೆಯುವವರೆಲ್ಲರೂ ಎರಡು ಸಾಕ್ಷ್ಯಗಳನ್ನು ಮುಂದಿಡುವುದು ವಾಡಿಕೆ. ಒಂದು, ಕ್ರಿ.ಶ. 634ರ ಐಹೊಳೆಯ ಶಾಸನ. ಇನ್ನೊಂದು, ಚೀನದ ಭಿಕ್ಷು ಹ್ಯೂಯೆನ್ ತ್ಸಾಂಗನ ಗ್ರಂಥ. ಈತನ ಹೆಸರನ್ನು ಈಚಿನವರು ಷ್ವಾನ್‌ಜಾಂಗ್ ಎಂದು ಬರೆಯುತ್ತಾರೆ. ಓದುಗರಿಗೆ ಬಳಕೆಯಾದ ರೂಪವನ್ನೇ ಇಲ್ಲಿ ಇರಿಸಿಕೊಂಡಿದ್ದೇನೆ. ನಮ್ಮ ಪಠ್ಯಪುಸ್ತಕಗಳು ಈತನನ್ನು ‘ಚೀನೀ ಯಾತ್ರಿಕ’ ಎಂದು ಕರೆದು ಮುಂದೆ ಸಾಗುತ್ತವೆ. ಆ ಮಾತು ಸುಳ್ಳಲ್ಲ, ಆದರೆ ಸಾಲದು. ಯಾತ್ರಿಕನು ನೋಡಿ ಹೋಗುವವನು. ಹ್ಯೂಯೆನ್ ತ್ಸಾಂಗನಾದರೋ ಕುಳಿತು ಕಲಿತವನು. ತಾಯ್ನಾಡಿನಿಂದ ದೂರವಿದ್ದ ಹದಿನಾರು ವರ್ಷಗಳಲ್ಲಿ ಹೆಚ್ಚಿನ ಭಾಗವನ್ನು ಆತ ಕಳೆದದ್ದು ನಡಿಗೆಯಲ್ಲಲ್ಲ, ಗುರುಗಳ ಎದುರಿನಲ್ಲಿ. ಮುಂದೆ ಆತನು ಎರಡು ಮಹಾದೇಶಗಳ ನಡುವೆ ಉಭಯರೂ ನಂಬುವ ಹಿರಿಯನಾಗಿ ನಿಂತದ್ದಕ್ಕೆ ಮೂಲವು ಈ ವಿದ್ಯಾರ್ಥಿದೆಸೆಯಲ್ಲಿದೆ ಎಂಬುದು ನನ್ನ ಎಣಿಕೆ.

ಕ್ರಿ.ಶ. 602ರ ಸುಮಾರಿಗೆ ಲೋಯಾಂಗ್ ನಗರದ ಸಮೀಪದಲ್ಲಿ ಹುಟ್ಟಿದ ಈತ ಎಳವೆಯಲ್ಲಿಯೇ ಭಿಕ್ಷುವಾಗಿ, ಚೀನದ ಪ್ರಸಿದ್ಧ ಆಚಾರ್ಯರಲ್ಲಿ ಒಬ್ಬೊಬ್ಬರನ್ನಾಗಿ ಅರಸಿ ಹೋದನು. ಒಬ್ಬರು ಹೇಳಿದ್ದು ಇನ್ನೊಬ್ಬರಿಗೆ ಹೊಂದದು. ಒಂದೇ ಗ್ರಂಥದ ಎರಡು ಅನುವಾದಗಳು ಒಂದಕ್ಕೊಂದು ವಿರುದ್ಧ. ಮೂಲವನ್ನು ಮೂಲದ ಭಾಷೆಯಲ್ಲಿಯೇ ಓದದ ಹೊರತು ಸಂಶಯ ಹರಿಯದೆಂದು ಬಗೆದು, ಯೋಗಾಚಾರಭೂಮಿಶಾಸ್ತ್ರವನ್ನು ಅದರ ನೆಲೆಯಲ್ಲಿಯೇ ಕಲಿಯಲು ಭಾರತಕ್ಕೆ ಹೊರಟನು. ಆಗ ತಾಂಗ್ ಚಕ್ರವರ್ತಿ ತಾಯಿತ್ಸುಂಗನು ಗಡಿಯನ್ನು ಮುಚ್ಚಿಸಿದ್ದನು. ಅಪ್ಪಣೆ ದೊರೆಯಲಿಲ್ಲ. ಕ್ರಿ.ಶ. 629ರಲ್ಲಿ ಭಿಕ್ಷುವು ಹಗಲು ಅಡಗಿ ಇರುಳು ನಡೆದು ಗಡಿಯನ್ನು ದಾಟಿದನು. ಮರಳುಗಾಡಿನಲ್ಲಿ ನೀರಿನ ತೊಗಲುಚೀಲ ಕೈಜಾರಿ ಚೆಲ್ಲಿಹೋಗಿ, ನಾಲ್ಕು ಇರುಳು ಐದು ಹಗಲು ಹನಿ ನೀರಿಲ್ಲದೆ ಸಾಗಿದ ಕಥೆಯನ್ನು ಶಿಷ್ಯ ಹುಯಿಲಿ ತಾನು ಬರೆದ ಚರಿತ್ರೆಯಲ್ಲಿ ವಿಸ್ತರಿಸಿದ್ದಾನೆ.

ಮಾರ್ಗದ ಸಾಹಸಗಳು ಬಾಲಬೋಧೆಗಳಲ್ಲಿ ಬಹಳವಾಗಿ ಬಂದಿವೆ; ಕಲಿಕೆಯ ಕಥೆ ಅಷ್ಟಾಗಿ ಬಂದಿಲ್ಲ. ಕಾಶ್ಮೀರದಲ್ಲಿ ಎರಡು ವರ್ಷ. ಬಳಿಕ ದಾರಿಯುದ್ದಕ್ಕೂ ಅಲ್ಲಲ್ಲಿ ತಿಂಗಳುಗಟ್ಟಲೆ. ನಾಲಂದಾ ಮಹಾವಿಹಾರದಲ್ಲಿ ಒಟ್ಟು ಐದು ವರ್ಷ. ಅಲ್ಲಿಯ ಕುಲಸ್ಥವಿರ ಶೀಲಭದ್ರನು ಆಗ ಬಹು ವೃದ್ಧ. ಹೊರಗೆ ಪಾಠ ಹೇಳುವುದನ್ನು ಬಿಟ್ಟಿದ್ದವನು ಈ ಪರದೇಶದ ಶಿಷ್ಯನ ಸಲುವಾಗಿ ಹದಿನೈದು ತಿಂಗಳು ಯೋಗಾಚಾರಭೂಮಿಯನ್ನು ವ್ಯಾಖ್ಯಾನಿಸಿದನೆಂದು ಹೇಳಿದೆ. ನಾಲಂದೆಯವರು ಈತನಿಗೆ ನಿತ್ಯವೂ ಒದಗಿಸುತ್ತಿದ್ದ ವಸ್ತುಗಳ ಪಟ್ಟಿ ಉಳಿದುಬಂದಿದೆ: ಇಪ್ಪತ್ತು ಅಡಕೆ, ಕರ್ಪೂರ, ಘಮಘಮಿಸುವ ಮಹಾಶಾಲಿ ಅಕ್ಕಿ ಮೊದಲಾದವು. ಅಡಕೆಯನ್ನು ಆ ಚೀನೀ ಭಿಕ್ಷು ಹೇಗೆ ಮೆದ್ದನೋ!

ಆತ ಬೌದ್ಧ ಶಾಸ್ತ್ರಗಳನ್ನಷ್ಟೇ ಓದಿ ತೃಪ್ತನಾಗಲಿಲ್ಲ. ಹೇತುವಿದ್ಯೆಯನ್ನು ಓದಿದನು, ಬ್ರಾಹ್ಮಣರ ಗ್ರಂಥಗಳನ್ನು ಓದಿದನು, ಎಲ್ಲಕ್ಕಿಂತ ಮಿಗಿಲಾಗಿ ವ್ಯಾಕರಣವನ್ನು ಓದಿದನು. ಪಾಣಿನಿಯ ಹುಟ್ಟೂರಾದ ಶಲಾತುರವನ್ನು ತನ್ನ ಗ್ರಂಥದಲ್ಲಿ ಮರೆಯದೆ ನೆನೆದಿದ್ದಾನೆ. ವಿಭಕ್ತಿಗಳೂ ಪ್ರತ್ಯಯಗಳೂ ಇಲ್ಲದ ಭಾಷೆಯಿಂದ ಬಂದವನಿಗೆ ಸಂಸ್ಕೃತದ ನಾಮರೂಪ ಕ್ರಿಯಾರೂಪಗಳು ಎಷ್ಟು ಕಠಿನವಾಗಿದ್ದಿರಬೇಕೆಂಬುದನ್ನು ಶಬ್ದಮಣಿದರ್ಪಣದ ಮುಂದೆ ಕಣ್ಣೀರಿಟ್ಟ ವಿದ್ಯಾರ್ಥಿಗಳು ಊಹಿಸಬಲ್ಲರು. ನಾಲಂದೆಯ ಹೊರಗೆ ಜಯಸೇನನೆಂಬ ಗೃಹಸ್ಥ ವಿದ್ವಾಂಸನ ಬಳಿಯಲ್ಲಿ ಮತ್ತೆ ಎರಡು ವರ್ಷ ಕಲಿತನು. ಈ ಜಯಸೇನನಿಗೆ ಹರ್ಷವರ್ಧನನು ಒಡ್ರದೇಶದ ಎಂಬತ್ತು ಊರುಗಳನ್ನು ಕೊಡಲು ಬಂದಾಗ, ಅರಸನ ಅನ್ನವನ್ನು ಉಂಡವನು ಅರಸನ ಚಿಂತೆಯನ್ನೂ ಹೊರಬೇಕಾಗುತ್ತದೆ, ತನಗೆ ಅಷ್ಟು ಬಿಡುವಿಲ್ಲ ಎಂದು ಹೇಳಿ ಬಿಟ್ಟನಂತೆ. ಈ ಸಂಗತಿಯನ್ನು ಓದುಗರು ನೆನಪಿನಲ್ಲಿಡಬೇಕು. ಮುಂದೆ ಇದರ ಪ್ರತಿಧ್ವನಿಯಿದೆ.

ವಿದ್ಯಾಭ್ಯಾಸ ಮುಗಿದು ಆತ ಹೊರಡುವೆನೆಂದಾಗ ನಾಲಂದೆಯ ಭಿಕ್ಷುಗಳು ತಡೆದರು. ಬುದ್ಧನು ಹುಟ್ಟಿದ ನಾಡು ಇದು. ಚೀನವು ಮ್ಲೇಚ್ಛದೇಶ, ಅಲ್ಲಿ ಬುದ್ಧರು ಹುಟ್ಟುವುದಿಲ್ಲ. ಅಲ್ಲಿಗೆ ಹೋಗಿ ಮಾಡುವುದೇನು ಎಂದರು. ಹ್ಯೂಯೆನ್ ತ್ಸಾಂಗನು ಕೋಪಿಸಿಕೊಳ್ಳಲಿಲ್ಲ, ತಲೆತಗ್ಗಿಸಲೂ ಇಲ್ಲ. ಧರ್ಮವು ಎಲ್ಲೆಡೆಗೂ ಹರಿಯಲೆಂದು ಹುಟ್ಟಿದ್ದು, ತಾನೊಬ್ಬನೇ ಸವಿದು ಉಳಿದವರನ್ನು ಮರೆಯುವುದು ತರವಲ್ಲ ಎಂದನು. ತನ್ನ ನಾಡಿನಲ್ಲಿ ನ್ಯಾಯವ್ಯವಸ್ಥೆಯಿದೆ, ಹಿರಿಯರಲ್ಲಿ ಗೌರವವಿದೆ, ಗ್ರಹಗತಿಗಳನ್ನು ಅಳೆಯುವ ಯಂತ್ರಗಳಿವೆ, ಸಂಗೀತವಿದೆ ಎಂದು ಒಂದೊಂದಾಗಿ ವಿವರಿಸಿದನು. ಕಡೆಗೆ ಶೀಲಭದ್ರನೇ ಸಂತೋಷದಿಂದ ಅಪ್ಪಣೆಯಿತ್ತನು. ಪರದೇಶದಲ್ಲಿ ಬಹುಕಾಲ ಓದಿದವರಲ್ಲಿ ಎರಡು ರೋಗಗಳನ್ನು ನಾವು ಕಾಣುತ್ತೇವೆ: ತನ್ನದೆಲ್ಲವೂ ಹೀನವೆಂಬುದೊಂದು, ತನ್ನದಷ್ಟೇ ಹಿರಿದೆಂಬುದು ಇನ್ನೊಂದು. ಈತನಿಗೆ ಎರಡೂ ತಗುಲಲಿಲ್ಲ.

ನಮ್ಮ ನಾಡಿನ ಮಾತಿಗೆ ಬರೋಣ. ನಾಲಂದೆಯ ಪಾಠಗಳ ನಡುವೆ ಕೈಗೊಂಡ ದಕ್ಷಿಣಯಾತ್ರೆಯಲ್ಲಿ ಈತ ಕಾಂಚಿಗೆ ಬಂದನು. ಸಿಂಹಳಕ್ಕೆ ದಾಟುವ ಆಸೆಯಿತ್ತು. ಅಲ್ಲಿ ದೊರೆ ಸತ್ತು ಕ್ಷಾಮವಾಗಿದೆಯೆಂದು ಅಲ್ಲಿಂದಲೇ ಬಂದ ಭಿಕ್ಷುಗಳು ಹೇಳಿದ್ದರಿಂದ ಪಡುವಣಕ್ಕೆ ತಿರುಗಿದನು. ಆತ ಹೇಳುವ ಕೊಂಕಣಪುರವು ಬನವಾಸಿಯೋ ಆನೆಗೊಂದಿಯೋ ಎಂಬ ಚರ್ಚೆಯಲ್ಲಿ ವಿದ್ವಾಂಸರು ಇಂದಿಗೂ ಒಮ್ಮತಕ್ಕೆ ಬಂದಿಲ್ಲ. ಅದರ ಸಮೀಪದ ತಾಳೆಯ ವನವನ್ನೂ, ಬರೆಯಲು ಎಲ್ಲೆಡೆ ಬಳಸುವ ಅದರ ಗರಿಗಳನ್ನೂ ಆತ ವರ್ಣಿಸಿದ್ದಾನೆ. ಮುಂದೆ ಪುಲಕೇಶಿಯ ರಾಜ್ಯ. ಇಲ್ಲಿಯ ಜನ ಉಪಕಾರವನ್ನು ಮರೆಯರು, ಅವಮಾನವನ್ನು ಸಹಿಸರು. ಸೇಡು ತೀರಿಸುವ ಮುನ್ನ ಶತ್ರುವಿಗೆ ಮುನ್ಸೂಚನೆ ಕೊಡುವರು. ಸೋತು ಬಂದ ದಳಪತಿಗೆ ಶಿಕ್ಷೆಯಿಲ್ಲ, ಹೆಂಗಸರ ಉಡುಗೆಯನ್ನು ತೊಡಿಸುವರು ಎನ್ನುತ್ತಾನೆ. ಉತ್ತರಾಪಥವನ್ನೆಲ್ಲ ಗೆದ್ದ ಹರ್ಷನು ಸ್ವತಃ ಸೈನ್ಯವನ್ನು ನಡೆಸಿ ಬಂದರೂ ಈ ಜನರನ್ನು ಮಣಿಸಲಾರದೆ ಹೋದನೆಂದು ಸ್ಪಷ್ಟವಾಗಿ ಬರೆದಿದ್ದಾನೆ. ಇದನ್ನು ಬರೆದ ವೇಳೆಗೆ ಅದೇ ಹರ್ಷನು ಕನ್ಯಾಕುಬ್ಜದ ಮಹಾಸಭೆಯಲ್ಲಿ ಈತನನ್ನು ಮೆರೆಸಿ ಸನ್ಮಾನಿಸಿ ಕಳುಹಿದ್ದನೆಂಬುದು ಗಮನಾರ್ಹ. ಉಂಡ ಮನೆಯ ಸೋಲನ್ನು ಮುಚ್ಚಿಡಲಿಲ್ಲ. ಐಹೊಳೆಯಲ್ಲಿ ರವಿಕೀರ್ತಿ ತನ್ನ ಪ್ರಭುವಿನ ಗೆಲವನ್ನು ಹಾಡಿದ್ದು ಸಹಜ. ಎದುರು ಪಕ್ಷದ ಅತಿಥಿಯೂ ಅದನ್ನೇ ಹೇಳಿದ್ದರಿಂದ ಆ ಗೆಲವು ಇತಿಹಾಸವಾಯಿತು.

ಹಾಗೆಂದು ಈತನ ಮಾತೆಲ್ಲವನ್ನೂ ಕಣ್ಣುಮುಚ್ಚಿ ಒಪ್ಪಬೇಕಿಲ್ಲ. ತನ್ನ ಪಂಥದ ಅಭಿಮಾನ ಬಲವಾಗಿತ್ತು. ಅನ್ಯಮತದ ತಪಸ್ವಿಗಳನ್ನು ಕುರಿತು ಬರೆಯುವಾಗ ಆ ಸಮದೃಷ್ಟಿ ಕುಗ್ಗುತ್ತದೆ. ಚೋಳದೇಶವನ್ನು ಕಾಡೆಂದೂ ಜನರನ್ನು ಕ್ರೂರರೆಂದೂ ಒಂದೆರಡು ಮಾತಿನಲ್ಲಿ ಮುಗಿಸಿದ್ದಾನೆ. ತಾನು ಬಹುಕಾಲ ನಿಂತು ಕಲಿತ ಎಡೆಗಳ ವರ್ಣನೆಗೂ ಹಾದುಹೋದ ಎಡೆಗಳ ವರ್ಣನೆಗೂ ಅಂತರವಿದೆ. ಅದು ನನ್ನ ವಾದಕ್ಕೆ ಪೋಷಕವೇ ಆಗಿದೆ.

ಕ್ರಿ.ಶ. 645ರ ಆರಂಭದಲ್ಲಿ 657 ಗ್ರಂಥಗಳನ್ನು ಇಪ್ಪತ್ತು ಕುದುರೆಗಳ ಮೇಲೆ ಹೇರಿಕೊಂಡು ಚಾಂಗ್‌ಆನ್ ನಗರವನ್ನು ಸೇರಿದನು. ಅಪ್ಪಣೆಯಿಲ್ಲದೆ ಓಡಿಹೋದವನನ್ನು ಅದೇ ಚಕ್ರವರ್ತಿ ಆದರಿಸಿ, ಕಾಷಾಯವನ್ನು ಬಿಟ್ಟು ಮಂತ್ರಿಯಾಗೆಂದನು. ಕೊರಿಯದ ದಂಡಯಾತ್ರೆಗೆ ಜೊತೆಯಲ್ಲಿ ಬಾರೆಂದನು. ಭಿಕ್ಷುವು ಸೈನ್ಯದ ಕಾದಾಟವನ್ನು ನೋಡುವುದು ವಿನಯಕ್ಕೆ ವಿರುದ್ಧವೆಂದು ಹೇಳಿ ಹ್ಯೂಯೆನ್ ತ್ಸಾಂಗನು ಎರಡನ್ನೂ ನಿರಾಕರಿಸಿದನು. ಜಯಸೇನನ ಶಿಷ್ಯನಲ್ಲವೆ! ಚಕ್ರವರ್ತಿಯ ಒಂದು ಕೋರಿಕೆಯನ್ನು ಮಾತ್ರ ನಡೆಸಿದನು: ಕಂಡ ಮತ್ತು ಕೇಳಿದ ದೇಶಗಳ ವಿವರವನ್ನು ಹನ್ನೆರಡು ಸಂಪುಟಗಳಲ್ಲಿ 646ರಲ್ಲಿ ಒಪ್ಪಿಸಿದನು.

ಅಲ್ಲಿಂದ 664ರಲ್ಲಿ ದೇಹವಿಡುವ ತನಕ ಆತ ನಡೆಸಿದ್ದು ಅನುವಾದದ ಮಹಾಕಾರ್ಯ. ಅರ್ಥವನ್ನು ಪರೀಕ್ಷಿಸುವವರು, ಶೈಲಿಯನ್ನು ತಿದ್ದುವವರು, ಸಂಸ್ಕೃತವನ್ನು ಹೋಲಿಸಿ ನೋಡುವವರು ಎಂದು ವಿದ್ವಾಂಸರಿಗೆ ಕೆಲಸವನ್ನು ಹಂಚಿದ್ದನು. ಐದು ಬಗೆಯ ಶಬ್ದಗಳನ್ನು ಅನುವಾದಿಸದೆ ಧ್ವನಿಯನ್ನೇ ಇರಿಸಬೇಕೆಂಬ ನಿಯಮ ಆತನ ಹೆಸರಿನಲ್ಲಿ ಬಂದಿದೆ: ಧಾರಣಿಗಳಂಥ ಗೂಢಶಬ್ದ, ‘ಭಗವತ್’ ಎಂಬಂಥ ನಾನಾರ್ಥದ ಶಬ್ದ, ಜಂಬೂವೃಕ್ಷದಂತೆ ಚೀನದಲ್ಲಿ ಇಲ್ಲದ ವಸ್ತು, ಹಿಂದಿನಿಂದ ರೂಢಿಗೆ ಬಂದದ್ದು, ‘ಪ್ರಜ್ಞಾ’ ಎಂಬಂತೆ ಅನುವಾದದಲ್ಲಿ ಹಗುರಾಗಿಬಿಡುವ ಶಬ್ದ. ವಚನಗಳ ‘ಲಿಂಗ’, ‘ಜಂಗಮ’, ‘ಬಯಲು’ಗಳನ್ನು ಅನ್ಯಭಾಷೆಗೆ ಒಯ್ಯಲು ಹೆಣಗಿದವರು ಈ ನಿಯಮದ ಬೆಲೆಯನ್ನು ಬಲ್ಲರು.

ಎದುರುದಿಕ್ಕಿನ ಕೆಲಸವೊಂದು 647ರಲ್ಲಿ ಬಂದಿತು. ಕಾಮರೂಪದ ಅರಸ ಭಾಸ್ಕರವರ್ಮನ ಅಪೇಕ್ಷೆಯಂತೆ ಲಾವೋತ್ಸುವಿನ ಗ್ರಂಥವನ್ನು ಸಂಸ್ಕೃತಕ್ಕೆ ತರಬೇಕೆಂದು ಚಕ್ರವರ್ತಿ ಆಜ್ಞಾಪಿಸಿದನು. ತಾವೋ ಪಂಥದ ಪಂಡಿತರು ಜೊತೆಯಲ್ಲಿ ಕುಳಿತರು. ‘ತಾವೋ’ ಎಂಬುದಕ್ಕೆ ‘ಬೋಧಿ’ ಎಂದೇ ಹಾಕಬೇಕೆಂದು ಅವರ ಹಟ. ಬೌದ್ಧಶಬ್ದಗಳಿಂದ ತಮ್ಮ ಗ್ರಂಥಕ್ಕೆ ಗೌರವ ಹೆಚ್ಚುವುದೆಂಬ ಎಣಿಕೆ. ಹ್ಯೂಯೆನ್ ತ್ಸಾಂಗನು ಒಪ್ಪಲಿಲ್ಲ. ಆ ಶಬ್ದಕ್ಕೆ ‘ಮಾರ್ಗ’ ಎಂದೇ ಸಲ್ಲಬೇಕು, ಬೋಧಿ ಎಂದರೆ ಭಾರತದ ಓದುಗರು ಬೇರೆಯದನ್ನೇ ತಿಳಿಯುವರು ಎಂದನು. ಎರಡು ದರ್ಶನಗಳನ್ನು ಸುಲಭವಾಗಿ ಒಂದೆಂದು ಕಲಸಿ ಎಲ್ಲರನ್ನೂ ಮೆಚ್ಚಿಸಬಹುದಾಗಿತ್ತು. ನಾಲಂದೆಯ ಕಿವಿಗೆ ಆ ಶಬ್ದ ಹೇಗೆ ಕೇಳಿಸುವುದೆಂದು ಆ ಸಭೆಯಲ್ಲಿ ಬಲ್ಲವನು ಆತನೊಬ್ಬನೇ.

ಭಾರತದ ಗೆಳೆಯರೂ ಆತನನ್ನು ಮರೆಯಲಿಲ್ಲ. 652ರಲ್ಲಿ ಮಹಾಬೋಧಿ ವಿಹಾರದಿಂದ ಧರ್ಮದೀರ್ಘನೆಂಬ ಭಿಕ್ಷು ಜ್ಞಾನಪ್ರಭ ಮತ್ತು ಪ್ರಜ್ಞಾದೇವರ ಪತ್ರಗಳನ್ನು ತಂದನು. ಕಾಣಿಕೆಯಾಗಿ ಎರಡು ಬಿಳಿಯ ಅರಿವೆಗಳಿದ್ದವು. ಪ್ರಜ್ಞಾದೇವನು ಹೀನಯಾನದ ಪಂಡಿತ. ಕನ್ಯಾಕುಬ್ಜದ ವಾದದಲ್ಲಿ ಇಬ್ಬರ ನಡುವೆ ಬಿರುಸಾದ ಮಾತುಗಳಾಗಿದ್ದವು. ಅದಕ್ಕೆ ಆತ ಈಗ ದೂತನ ಮೂಲಕ ಕ್ಷಮೆ ಕೇಳಿಸಿದ್ದನು. ಸಭೆ ಮುಗಿದೊಡನೆಯೇ ಅದೆಲ್ಲ ತನ್ನ ಮನಸ್ಸಿನಿಂದ ಹೋಗಿತ್ತೆಂದು ಹ್ಯೂಯೆನ್ ತ್ಸಾಂಗನು 654ರಲ್ಲಿ ಉತ್ತರ ಬರೆದನು. ಬರೆದು, ಮಹಾಯಾನಕ್ಕೆ ಬಾರೆಂದು ಮತ್ತೊಮ್ಮೆ ಕರೆಯಲೂ ಮರೆಯಲಿಲ್ಲ! ಜ್ಞಾನಪ್ರಭನಿಗೆ ಬರೆದ ಪತ್ರ ಬೇರೆ ಬಗೆಯದು. ಗುರು ಶೀಲಭದ್ರನು ತೀರಿಕೊಂಡ ಸುದ್ದಿಯನ್ನು ರಾಜದೂತರಿಂದ ತಿಳಿದ ದುಃಖವನ್ನು ಮೊದಲು ಹೇಳಿಕೊಂಡು, ಆ ಗುರುವಿನಿಂದ ಕಲಿತ ಯೋಗಾಚಾರಭೂಮಿಯ ಅನುವಾದ ಮುಗಿದಿದೆಯೆಂದು ಅರುಹಿದನು. ಬಳಿಕ, ಮರಳುವಾಗ ಸಿಂಧೂನದಿಯಲ್ಲಿ ಒಂದು ಹೇರಿನಷ್ಟು ಗ್ರಂಥಗಳು ನೀರುಪಾಲಾದುದನ್ನು ತಿಳಿಸಿ, ಅವುಗಳ ಹೆಸರುಗಳ ಪಟ್ಟಿಯನ್ನು ಜೊತೆಗಿಟ್ಟು, ಬರುವವರು ಯಾರಾದರೂ ಇದ್ದರೆ ಪ್ರತಿಗಳನ್ನು ಕಳುಹಿಸಿಕೊಡಬೇಕೆಂದು ಬೇಡಿಕೊಂಡನು.