ಮಾಳಿಗೆಯ ಮಣ್ಣು ಮತ್ತು ವಾಟ: ತುಮಕೂರು ಸೀಮೆಯ ಮಟ್ಟಸ ಛಾವಣಿಗಳ ಚರಿತ್ರೆ

ನಮ್ಮ ನಾಡಿನ ಕಟ್ಟಡಗಳ ಚರಿತ್ರೆಯನ್ನು ಅರಸುವವರು ಸಾಮಾನ್ಯವಾಗಿ ಗೋಡೆ, ಕಂಬ, ಶಿಖರಗಳತ್ತ ದೃಷ್ಟಿ ಹಾಯಿಸುತ್ತಾರೆ. ಮನೆಯ ಮೇಲೆ ಹತ್ತಿ ಛಾವಣಿಯನ್ನು ಪರೀಕ್ಷಿಸುವವರು ವಿರಳ. ಆದರೆ ಮನೆಯ ಆಯುಷ್ಯವನ್ನು ನಿರ್ಣಯಿಸುವ ಎರಡು ಕಾರ್ಯಗಳು ಅಲ್ಲಿಯೇ ನಡೆಯುತ್ತವೆ: ಬಿಸಿಲಿನ ತಾಪವನ್ನು ತಡೆಯುವುದು ಒಂದು, ಮಳೆಯ ನೀರನ್ನು ಹೊರಕ್ಕೆ ಹರಿಸುವುದು ಮತ್ತೊಂದು. ತುಮಕೂರು, ಗುಬ್ಬಿ, ಕುಣಿಗಲ್ ಸೀಮೆಯಲ್ಲಿ ಬಹುಕಾಲ ಈ ಎರಡನ್ನೂ ಒಂದೇ ಪದರ ನಿರ್ವಹಿಸುತ್ತಿದ್ದಿತೆಂಬುದನ್ನೂ, ಕಾಂಕ್ರೀಟು ಬಂದ ಮೇಲೆ ಅವು ಹೇಗೆ ಅನಾಥವಾದುವೆಂಬುದನ್ನೂ ತೋರಿಸುವುದು ಈ ಲೇಖನದ ಉದ್ದೇಶ.

ತುಮಕೂರು ಜಿಲ್ಲೆಯಲ್ಲಿ ವರ್ಷಕ್ಕೆ ಸರಾಸರಿ 600ರಿಂದ 700 ಮಿಲಿಮೀಟರಿನಷ್ಟು ಮಳೆಯಾಗುತ್ತದೆ. ಅದರಲ್ಲಿ ಹೆಚ್ಚಿನ ಪಾಲು ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳದು. ಮಲೆನಾಡಿನಲ್ಲಿ ಅನಿವಾರ್ಯವಾದ ಕಡಿದಾದ ಮಾಡು ಇಲ್ಲಿ ಅಗತ್ಯವಿರಲಿಲ್ಲ. ಜಿಲ್ಲೆಯ ಉತ್ತರಕ್ಕೆ, ಶಿರಾ ಪಾವಗಡಗಳ ಕಡೆ, ಮಣ್ಣಿನ ಮಾಳಿಗೆಯೇ ಪ್ರಧಾನವಾದುದು. ದಕ್ಷಿಣಕ್ಕೆ ಬಂದಂತೆಲ್ಲ ಅದರೊಡನೆ ನಾಡಹೆಂಚಿನ ಮನೆಗಳೂ ಬೆರೆಯುತ್ತವೆ.

ಮಾಳಿಗೆಯ ರಚನೆ ಸರಳವಾದುದು. ತೊಲೆಗಳ ಮೇಲೆ ಜಂತೆ, ಜಂತೆಗಳ ಮೇಲೆ ಬಿದಿರು ಅಥವಾ ಅಡಕೆಮರದ ದಬ್ಬೆ, ಅದರ ಮೇಲೆ ಸೊಪ್ಪಿನ ಹಾಸು, ಕಡೆಗೆ ಕಲಸಿ ತುಳಿದ ಮಣ್ಣು. 1800ರಲ್ಲಿ ಇಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕನನ್ ವ್ಯಾಪಾರಸ್ಥಳವೆಂದು ವರ್ಣಿಸಿರುವ ಗುಬ್ಬಿಯ ಸುತ್ತ ಅಡಕೆ ತೋಟಗಳಿಗೆ ಕೊರತೆಯಿಲ್ಲ. ಕುಣಿಗಲ್ಲಿನಂಥ ಕೆರೆಯ ಊರುಗಳಲ್ಲಿ ಜೇಡಿಮಣ್ಣಿಗೂ ಕೊರತೆಯಿಲ್ಲ. ಮಾಳಿಗೆಯ ಮೇಲ್ಪದರಕ್ಕೆ ಚೌಳುಮಣ್ಣು ಶ್ರೇಷ್ಠವೆಂದು ಹಳ್ಳಿಗರು ತಿಳಿದಿದ್ದರು. ಇದಕ್ಕೆ ಕಾರಣವುಂಟು. ಈ ಮಣ್ಣಿನಲ್ಲಿ ಸೋಡಿಯಂ ಅಂಶ ಹೆಚ್ಚಾಗಿರುವುದರಿಂದ, ನೀರು ಸೋಕಿದಾಗ ಜೇಡಿಯ ಸೂಕ್ಷ್ಮಕಣಗಳು ಚದುರಿ ರಂಧ್ರಗಳನ್ನು ಮುಚ್ಚುತ್ತವೆ. ನೀರು ಕೆಳಕ್ಕಿಳಿಯದೆ ಮೇಲೆಯೇ ಹರಿದುಹೋಗುತ್ತದೆ. ಹೊಲಕ್ಕೆ ಶಾಪವಾದ ಗುಣವೇ ಮನೆಗೆ ವರವಾಯಿತು.

ಹರಿಯುವ ನೀರಿಗೆ ದಾರಿಯೂ ಬೇಕಷ್ಟೆ. ಗಾರೆಕೆಲಸದವರು ‘ವಾಟ’ವೆಂದು ಕರೆಯುವ ಅಲ್ಪ ಇಳಿಜಾರನ್ನು ಮಣ್ಣಿನ ದಪ್ಪದಲ್ಲಿಯೇ ಮಾಡುತ್ತಿದ್ದರು: ಒಂದು ಕಡೆ ದಪ್ಪ, ದೋಣಿಯ ಕಡೆ ತೆಳುವು. ಹೀಗೆ ತಾಪವನ್ನು ತಡೆಯುವ ಮಣ್ಣೇ ವಾಟವೂ ಆಯಿತು.

ಈ ಪದ್ಧತಿಯನ್ನು ಕೇವಲ ಹೊಗಳುವುದು ಚರಿತ್ರೆಯಾಗದು. ಅರ್ಧ ಅಡಿ ಮಣ್ಣು ಚದರ ಮೀಟರಿಗೆ ಸುಮಾರು 250 ಕಿಲೋಗ್ರಾಂ ತೂಗುತ್ತದೆ. ಸೋರಿದಾಗಲೆಲ್ಲ ಹೊಸ ಮಣ್ಣು ಹಾಕಿದರೆ ಭಾರ ಏರುತ್ತದೆ. ಭಾರಕ್ಕೆ ತೊಲೆ ನಡುವೆ ಬಾಗುತ್ತದೆ. ಬಾಗಿದೊಡನೆ ವಾಟ ಕೆಟ್ಟು ನೀರು ಅಲ್ಲಿಯೇ ನಿಲ್ಲುತ್ತದೆ. ನಿಂತ ನೀರು ಭಾರವನ್ನು ಮತ್ತಷ್ಟು ಹೆಚ್ಚಿಸುತ್ತದೆ. ಗೆದ್ದಲು ಹಿಡಿದ ಮರವಿದ್ದರೆ ಜಡಿಮಳೆಯಲ್ಲಿ ಮನೆ ಕುಸಿದು ಪ್ರಾಣಹಾನಿಯಾಗುವುದೂ ಉಂಟು. ಮಳೆಗಾಲಕ್ಕೆ ಮುನ್ನ ವರ್ಷವರ್ಷವೂ ಮಾಳಿಗೆಯನ್ನು ನೋಡಿಕೊಳ್ಳುವ ಕೈಗಳಿರುವವರೆಗೆ ಮಾತ್ರ ಅದು ಕ್ಷೇಮಕರವಾದುದು.

ಸ್ಥಿತಿವಂತರ ಮನೆಗಳಿಗೂ ಸರ್ಕಾರಿ ಕಟ್ಟಡಗಳಿಗೂ ಮದ್ರಾಸ್ ತಾರಸಿ ಬಂದಿತು. ಜಂತೆಗಳ ಮೇಲೆ ಇಟ್ಟಿಗೆಗಳನ್ನು ಓರೆಯಾಗಿ ನಿಲ್ಲಿಸಿ, ಅದರ ಮೇಲೆ ಇಟ್ಟಿಗೆ ಜಲ್ಲಿ ಬೆರೆಸಿದ ಸುಣ್ಣದ ಗಾರೆಯನ್ನು ಹರಡಿ, ಬೆಲ್ಲ ಮತ್ತು ಅಳಲೆಕಾಯಿಯ ನೀರನ್ನು ಚಿಮುಕಿಸುತ್ತ ದಿನಗಟ್ಟಲೆ ಬಡಿಯುತ್ತಿದ್ದರು. ಇಂಥ ಗಾರೆಗೆ 48 ಅಡಿಗೆ ಒಂದಡಿಯಿಂದ 60 ಅಡಿಗೆ ಒಂದಡಿಯವರೆಗಿನ ವಾಟ ಸಾಕು. ಅಂದರೆ 20 ಅಡಿ ಉದ್ದದ ಛಾವಣಿಗೆ 4ರಿಂದ 5 ಅಂಗುಲ. ಇಲ್ಲಿಯೂ ತಾಪನಿರೋಧ, ವಾಟ ಎರಡೂ ಒಂದೇ ಪದರದಲ್ಲಿದ್ದುವೆಂಬುದು ಗಮನಾರ್ಹ.

ಇದರ ನಡುವೆ ಮತ್ತೊಂದು ಮಾರ್ಗವೂ ತೆರೆಯಿತು. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆಯನ್ನು ಆರಂಭಿಸಿದರು; 1884ರಲ್ಲಿ ಬೆಂಗಳೂರಿನಿಂದ ತುಮಕೂರಿಗೆ ರೈಲು ಬಂದಿತು. ಮಂಗಳೂರು ಹೆಂಚು ನೀರಿನ ಸಮಸ್ಯೆಯನ್ನು ಪರಿಹರಿಸಿತು. ಆದರೆ ತೆಳುವಾದ ಹೆಂಚಿಗೆ ಮಣ್ಣಿನಂತೆ ತಾಪವನ್ನು ತಡೆಯುವ ಶಕ್ತಿಯಿಲ್ಲ, ಧಾನ್ಯ ಒಣಗಿಸಲು ಮೇಲೆ ಅಂಗಳವೂ ದೊರೆಯುವುದಿಲ್ಲ.

ನಿಜವಾದ ಪಲ್ಲಟವನ್ನು ತಂದುದು ಸಿಮೆಂಟು. ಭದ್ರಾವತಿಯಲ್ಲಿ 1938ರಲ್ಲಿ ಅದರ ತಯಾರಿಕೆ ಮೊದಲಾಯಿತು. 1960ರ ದಶಕದ ಆರಂಭದಲ್ಲಿ ಗುಬ್ಬಿಗೆ ನೆರೆಯ ತುರುವೇಕೆರೆ ತಾಲ್ಲೂಕಿನ ಅಮ್ಮಸಂದ್ರದಲ್ಲಿಯೂ ಕಾರ್ಖಾನೆ ತಲೆಯೆತ್ತಿತು. ಕಬ್ಬಿಣ ಸೇರಿದ ಕಾಂಕ್ರೀಟು ನಾಲ್ಕೈದು ಅಂಗುಲ ದಪ್ಪದಲ್ಲಿಯೇ ಭಾರವನ್ನು ಹೊರಬಲ್ಲುದು, ಗೆದ್ದಲಿನ ಭಯವಿಲ್ಲ. ಬಡವರಿಗೆ ಇದರಿಂದ ದೊರೆತ ಅಭಯ ಅಲ್ಪವಾದುದಲ್ಲ. ಆದರೆ ಕಾಂಕ್ರೀಟು ಮಣ್ಣಿನ ಪದರಕ್ಕಿಂತ ಸುಮಾರು ಮೂರರಷ್ಟು ಸುಲಭವಾಗಿ ಶಾಖವನ್ನು ಒಳಕ್ಕೆ ಬಿಡುತ್ತದೆ. ಅದನ್ನು ಮಟ್ಟಸವಾಗಿ ಎರಕ ಹೊಯ್ಯುವುದೇ ರೂಢಿಯಾದುದರಿಂದ, ವಾಟ ಬೇಕಾದರೆ ಬೇರೆಯೇ ಪದರ ಹಾಕಬೇಕು. ಮಾಳಿಗೆಯಲ್ಲಿ ಮಣ್ಣಿಲ್ಲದೆ ಛಾವಣಿಯೇ ಇಲ್ಲ. ಕಾಂಕ್ರೀಟಿನಲ್ಲಿ ಆ ಪದರವಿಲ್ಲದಿದ್ದರೂ ಮನೆ ಮುಗಿದಂತೆ ಕಾಣುತ್ತದೆ. ಹಣ ಸಾಲದಾದಾಗ ಮೊದಲು ಬಿಟ್ಟುಹೋಗುವುದು ಇದೇ. ಬೇಸಗೆಯಲ್ಲಿ ಕಾದ ಕಾವಲಿಯಂತಾಗಿ, ಮಳೆಗಾಲದಲ್ಲಿ ನೀರು ನಿಂತು ಒಳಗಿನ ಕಬ್ಬಿಣ ತುಕ್ಕು ಹಿಡಿಯುವ ಮನೆಗಳಿಗೆ ಮೂಲಕಾರಣ ಈ ಲೋಪವೇ ಹೊರತು ಕಾಂಕ್ರೀಟಿನ ದೋಷವಲ್ಲ.

ಇಂದು ಬಲ್ಲ ಮೇಸ್ತ್ರಿಗಳು ಕಾಂಕ್ರೀಟಿನ ಮೇಲೆ ಇಟ್ಟಿಗೆ ಜಲ್ಲಿಯ ಪದರವನ್ನು ಹಾಸಿ ವಾಟ ಕೊಡುತ್ತಾರೆ. ಇದು ಹೊಸದೆಂದು ತೋರಿದರೂ ಮಾಳಿಗೆಯ ಮಣ್ಣು ಮಾಡುತ್ತಿದ್ದ ಕಾರ್ಯವೇ ಬೇರೊಂದು ರೂಪದಲ್ಲಿ ಮರಳಿರುವುದೆನ್ನಬಹುದು. ಮಾಳಿಗೆಗಳು ವರ್ಷೇ ವರ್ಷೇ ಕುಸಿಯುತ್ತಿವೆ, ಕೆಡವಲ್ಪಡುತ್ತಿವೆ. ನಮ್ಮ ವಿದ್ಯಾರ್ಥಿಗಳು ಉಳಿದಿರುವ ಮಾಳಿಗೆಗಳ ಮಣ್ಣಿನ ದಪ್ಪವನ್ನೂ ವಾಟವನ್ನೂ ದೋಣಿಯ ಸ್ಥಾನವನ್ನೂ ಅಳೆದು, ಅವನ್ನು ಕಟ್ಟಿ ಕಾಪಾಡಿದ ಹಿರಿಯರ ಮಾತನ್ನು ಬರೆದಿಟ್ಟುಕೊಳ್ಳಬೇಕು. ಶಾಸನಗಳಲ್ಲಿ ದೊರೆಯದ ಈ ಚರಿತ್ರೆ ಛಾವಣಿಯೊಡನೆಯೇ ಮಣ್ಣುಗೂಡುವಂಥದು.