ಸಲಕರಣೆಯ ವಿವರಣೆ: ನಕ್ಷೆಯ ಮೂಲೆಯಿಂದ ಕೃತಕ ಬುದ್ಧಿಮತ್ತೆಯವರೆಗೆ

ತುಮಕೂರಿನ ಯಾವುದಾದರೂ ಪಾಲಿಟೆಕ್ನಿಕ್ ಅಥವಾ ಎಂಜಿನಿಯರಿಂಗ್ ಕಾಲೇಜಿನ ಡ್ರಾಯಿಂಗ್ ತರಗತಿಗೆ ಹೋಗಿ ನೋಡಿ. ಪ್ರತಿ ಹಾಳೆಯ ಬಲಗಡೆ ಕೆಳಮೂಲೆಯಲ್ಲಿ ಒಂದು ಚಿಕ್ಕ ಚೌಕಟ್ಟು ಇರುತ್ತದೆ. ನಕ್ಷೆಯ ಹೆಸರು, ಸ್ಕೇಲು, 'ಎಲ್ಲ ಅಳತೆಗಳೂ ಮಿಲಿಮೀಟರುಗಳಲ್ಲಿ' ಎಂಬ ಸೂಚನೆ, ಫಸ್ಟ್ ಆ್ಯಂಗಲ್ ಪ್ರೊಜೆಕ್ಷನ್ನಿನ ಗುರುತು - ಇವೆಲ್ಲ ಅದರಲ್ಲಿರುತ್ತವೆ. ಇದನ್ನು ತುಂಬುವುದೆಂದರೆ ವಿದ್ಯಾರ್ಥಿಗಳಿಗೆ ಬೇಸರ. ಆದರೆ ಈ ಚೌಕಟ್ಟು ಏಕೆ ಬೇಕಾಯಿತು ಎಂದು ಎಂದಾದರೂ ಯೋಚಿಸಿದ್ದೀರಾ?

ನಕ್ಷೆ ಬರೆದವರು ಒಂದು ಕಡೆ, ಲೇತ್ ಮುಂದೆ ನಿಂತವರು ಇನ್ನೊಂದು ಕಡೆ. ಇಬ್ಬರ ನಡುವೆ ಇರುವುದು ಕಾಗದವೊಂದೇ. ಪ್ರೊಜೆಕ್ಷನ್ ಯಾವುದೆಂದು ಹೇಳದಿದ್ದರೆ ಬಲಕ್ಕೆ ಬರಬೇಕಾದ ರಂಧ್ರ ಎಡಕ್ಕೆ ಬಂದೀತು! ತುಮಕೂರಿಗೆ ಇದು ಹೊಸ ಪಾಠವಲ್ಲ. ಇಲ್ಲಿ 1978ರಲ್ಲಿ ಎಚ್‌ಎಂಟಿ ಗಡಿಯಾರ ಕಾರ್ಖಾನೆ ಬಂತು. ಎಚ್‌ಎಂಟಿ ಗಡಿಯಾರ ಕಂಪನಿಯನ್ನು ಮುಚ್ಚಲು ಕೇಂದ್ರ ಸಂಪುಟ 2016ರಲ್ಲಿ ತೀರ್ಮಾನಿಸಿತು. ಕೈಗಡಿಯಾರದ ಬಿಡಿಭಾಗಗಳಲ್ಲಿ ಮಿಲಿಮೀಟರಿನ ನೂರನೆಯ ಒಂದು ಭಾಗಕ್ಕೂ ಬೆಲೆಯಿದೆ. ನಕ್ಷೆಯಲ್ಲಿ ಬರೆಯದ್ದನ್ನು ಅಲ್ಲಿ ಯಾರೂ ಊಹಿಸುವಂತಿರಲಿಲ್ಲ. ಸಂದೇಹ ಬಂದರೆ ಹೋಗಿ ಕೇಳಬೇಕಿತ್ತು.

ಕೇಳದ ಯಂತ್ರಗಳು

ಕೇಳಲು ಬಾಯಿಲ್ಲದ ಕೆಲಸಗಾರ ಬಂದದ್ದು 1950ರ ದಶಕದಲ್ಲಿ. ಅಂಕಿಗಳ ಆದೇಶದಂತೆ ಲೋಹ ಕೊರೆಯುವ ಯಂತ್ರಗಳಿಗಾಗಿ ಅಮೆರಿಕದ ಎಂಐಟಿಯಲ್ಲಿ ಡಗ್ಲಸ್ ರಾಸ್ ಮತ್ತು ಸಂಗಡಿಗರು 'ಎಪಿಟಿ' ಎಂಬ ಭಾಷೆಯನ್ನು ರೂಪಿಸಿ 1959ರಲ್ಲಿ ಪ್ರಕಟಿಸಿದರು. ಈ ರೇಖೆಯಗುಂಟ ಬಲಕ್ಕೆ ಸಾಗು ಎಂಬಂಥ ಆದೇಶಗಳು ಅದರಲ್ಲಿದ್ದವು. ಆದರೆ ಕಟರಿನ ವ್ಯಾಸವನ್ನೂ ಅದಕ್ಕೆ ತಿಳಿಸಬೇಕಿತ್ತು. ಅದು ತಪ್ಪಿದರೆ ಕೊರೆತವೂ ತಪ್ಪುತ್ತಿತ್ತು. ಸಲಕರಣೆಯ ವಿವರಣೆಯೂ ಆದೇಶದ ಭಾಗವಾದದ್ದು ಹೀಗೆ.

1963ರಲ್ಲಿ ಐವನ್ ಸದರ್‌ಲ್ಯಾಂಡ್ ಅವರ 'ಸ್ಕೆಚ್‌ಪ್ಯಾಡ್' ಗಣಕದ ಪರದೆಯ ಮೇಲೆ ನೇರವಾಗಿ ನಕ್ಷೆ ಬರೆಯಬಹುದೆಂದು ತೋರಿಸಿತು. 1982ರಲ್ಲಿ ಆಟೋಕ್ಯಾಡ್ ಬಂತು. 1986ರಲ್ಲಿ ಅದಕ್ಕೆ ಆಟೋಲಿಸ್ಪ್ ಸೇರಿ, ಬಳಕೆದಾರರೇ ಹೊಸ ಆದೇಶಗಳನ್ನು ಬರೆದುಕೊಳ್ಳುವಂತಾಯಿತು. ಆದರೂ ಆ ಆದೇಶಗಳನ್ನು ಆರಿಸುತ್ತಿದ್ದವರು ಮನುಷ್ಯರೇ. ಕೈಪಿಡಿ ಅರೆಬರೆಯಾಗಿದ್ದರೆ ಪಕ್ಕದ ಮೇಜಿನವರನ್ನು ಕೇಳುತ್ತಿದ್ದರು.

ಊಹಿಸುವ ಏಜೆಂಟ್

ಈಗ ಆರಿಸುವ ಕೆಲಸವೂ ಯಂತ್ರದ ಪಾಲಾಗುತ್ತಿದೆ. ಭಾಷಾ ಮಾದರಿಗಳು ಹೊರಗಿನ ತಂತ್ರಾಂಶದ ಕಾರ್ಯಗಳನ್ನು ಕರೆಯುವ ಸೌಲಭ್ಯವನ್ನು ಓಪನ್‌ಎಐ 2023ರ ಜೂನ್‌ನಲ್ಲಿ ಒದಗಿಸಿತು. ಇಂಥ ಜೋಡಣೆಗೆ ಒಂದು ಸಾಮಾನ್ಯ ಕ್ರಮವಾಗಿ ಆಂಥ್ರೊಪಿಕ್ ಸಂಸ್ಥೆ 2024ರ ನವೆಂಬರ್‌ನಲ್ಲಿ ಮಾಡೆಲ್ ಕಾಂಟೆಕ್ಸ್ಟ್ ಪ್ರೊಟೊಕಾಲ್ ಪ್ರಕಟಿಸಿತು. 2025ರಲ್ಲಿ ಬ್ಲೆಂಡರ್, ಫಿಗ್ಮಾದಂಥ ವಿನ್ಯಾಸ ತಂತ್ರಾಂಶಗಳಿಗೂ ಈ ಕೊಂಡಿ ದೊರೆಯಿತು.

ಇಲ್ಲಿ ಒಂದು ಸಂಗತಿಯನ್ನು ಗಮನಿಸಿ. ಸಲಕರಣೆಯ ಹಿಂದಿರುವ ಪ್ರೋಗ್ರಾಮು ಸಾಮಾನ್ಯವಾಗಿ ಏಜೆಂಟಿಗೆ ಕಾಣುವುದಿಲ್ಲ. ಅದು ಓದುವುದು ಸಲಕರಣೆಯ ಹೆಸರು, ನಾಲ್ಕಾರು ಸಾಲಿನ ವಿವರಣೆ ಮತ್ತು ಕೊಡಬೇಕಾದ ಮೌಲ್ಯಗಳ ಪಟ್ಟಿಯನ್ನು ಮಾತ್ರ. ಲೇತ್ ಕೆಲಸಗಾರ ಸಂದೇಹ ಬಂದರೆ ಕೇಳುತ್ತಿದ್ದ. ಎಪಿಟಿಯ ಯಂತ್ರ ಕೇಳುತ್ತಿರಲಿಲ್ಲ, ಊಹಿಸುತ್ತಲೂ ಇರಲಿಲ್ಲ. ಏಜೆಂಟ್ ಹಾಗಲ್ಲ! ಬಿಟ್ಟುಹೋದದ್ದನ್ನು ತಾನೇ ಊಹಿಸಿಕೊಂಡು ಮುಂದೆ ಸಾಗಿಬಿಡಬಹುದು.

ಒಂದು ಉದಾಹರಣೆ ನೋಡೋಣ. ಕುಣಿಗಲ್ಲಿನ ಒಂದು ಶಾಲೆಯಲ್ಲಿ ವಿಜ್ಞಾನ ವಸ್ತುಪ್ರದರ್ಶನ. ಅದಕ್ಕೆ 6 ಅಡಿ ಉದ್ದ, 4 ಅಡಿ ಅಗಲದ ಫ್ಲೆಕ್ಸ್ ಬ್ಯಾನರ್ ಬೇಕು. ವಿನ್ಯಾಸವನ್ನು ಏಜೆಂಟಿಗೆ ಒಪ್ಪಿಸಿದ್ದೇವೆ ಎಂದಿಟ್ಟುಕೊಳ್ಳಿ. ಸಲಕರಣೆಯ ವಿವರಣೆಯಲ್ಲಿ 'ಬರಹ ಸೇರಿಸುತ್ತದೆ' ಎಂದಷ್ಟೇ ಇದ್ದರೆ ಏನಾದೀತು? ಯಾವ ಸಂಕೇತದ ಕನ್ನಡ? ಹಳೆಯ ನುಡಿ ಕಡತಗಳಲ್ಲಿ ಕನ್ನಡ ಅಕ್ಷರಗಳು ಇಂಗ್ಲಿಷ್ ಅಕ್ಷರಗಳ ಸಂಕೇತಗಳಲ್ಲಿ ಅಡಗಿರುತ್ತವೆ. ಫಾಂಟ್ ಬದಲಾದರೆ ಅರ್ಥವಿಲ್ಲದ ಚಿಹ್ನೆಗಳ ಸಾಲು ಕಾಣುತ್ತದೆ. ಯೂನಿಕೋಡ್‌ನಲ್ಲಾದರೆ ಕನ್ನಡಕ್ಕೆ ತನ್ನದೇ ಸ್ಥಾನವಿದೆ. ಇನ್ನು, 6 ಎಂದರೆ ಅಡಿಯೋ ಮಿಲಿಮೀಟರೋ?

ಅದೇ ವಿವರಣೆ ಹೀಗಿದ್ದರೆ: 'ಆಯ್ದ ಚೌಕಟ್ಟಿನಲ್ಲಿ ಯೂನಿಕೋಡ್ ಕನ್ನಡ ಬರಹವನ್ನು ಇರಿಸುತ್ತದೆ. ನುಡಿಯ ಹಳೆಯ ಸಂಕೇತದ ಬರಹವನ್ನು ಮೊದಲು ಪರಿವರ್ತಿಸಬೇಕು. ಅಕ್ಷರದ ಎತ್ತರವನ್ನು ಮಿಲಿಮೀಟರಿನಲ್ಲಿ ಕೊಡಬೇಕು. ಚೌಕಟ್ಟಿನಲ್ಲಿ ಮೊದಲೇ ಇದ್ದ ಬರಹ ಅಳಿಸಿಹೋಗುತ್ತದೆ. ಬರಹ ಹಿಡಿಸದಿದ್ದರೆ ಏನನ್ನೂ ಬದಲಿಸದೆ ದೋಷವನ್ನು ತಿಳಿಸುತ್ತದೆ.' ಏನು ಮಾಡುತ್ತದೆ, ಯಾವಾಗ ಬಳಸಬಾರದು, ಏಕಮಾನ ಯಾವುದು, ಏನು ನಷ್ಟವಾದೀತು, ತಪ್ಪಿದರೆ ಏನಾಗುತ್ತದೆ - ಐದೂ ಪ್ರಶ್ನೆಗಳಿಗೆ ಉತ್ತರ ಸಿಕ್ಕಿತು. ನಕ್ಷೆಯ ಮೂಲೆಯ ಚೌಕಟ್ಟು ಮಾಡುತ್ತಿದ್ದುದೂ ಇದೇ ಕೆಲಸ!

ಬರೆದಂತೆ ನಡೆಯಬೇಕು

ಆದರೆ ಬರೆದರಷ್ಟೇ ಸಾಲದು. 1999ರ ಸೆಪ್ಟೆಂಬರ್ 23ರಂದು ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ಮಂಗಳ ಗ್ರಹದ ಬಳಿ ನಾಶವಾಯಿತು. ಮೆಟ್ರಿಕ್ ಏಕಮಾನ ಬಳಸಬೇಕೆಂದು ದಾಖಲೆಯಲ್ಲಿ ಸ್ಪಷ್ಟವಾಗಿ ಇತ್ತು. ಭೂಮಿಯ ಮೇಲಿನ ಒಂದು ತಂತ್ರಾಂಶ ಮಾತ್ರ ಪೌಂಡ್ ಲೆಕ್ಕದಲ್ಲಿ ಅಂಕಿಗಳನ್ನು ಕೊಟ್ಟಿತು. ಓದುವ ಕಡೆಯವರು ಅವನ್ನು ನ್ಯೂಟನ್ ಎಂದೇ ತಿಳಿದರು. ಒಂದು ಪೌಂಡ್ ಬಲವೆಂದರೆ ಸುಮಾರು 4.45 ನ್ಯೂಟನ್! ವಿವರಣೆ ಇಲ್ಲದಿದ್ದರೆ ಸಂದೇಹವಾದರೂ ಬಂದೀತು. ಸುಳ್ಳು ವಿವರಣೆ ಇದ್ದರೆ ಅದೂ ಬರುವುದಿಲ್ಲ. ಸಲಕರಣೆ ಬದಲಾದಾಗ ವಿವರಣೆಯೂ ಬದಲಾಗಬೇಕು.

ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 615 ಎಕರೆ ಜಾಗದಲ್ಲಿರುವ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರವರಿ 6ರಂದು ಉದ್ಘಾಟನೆಯಾಯಿತು. ಇಂದಿನ ವಿದ್ಯಾರ್ಥಿಗಳಲ್ಲಿ ಕೆಲವರು ನಾಳೆ ಇಂಥ ಕಡೆ ವಿನ್ಯಾಸದ ಕೆಲಸಕ್ಕೆ ಸೇರಬಹುದು. ಬ್ಯಾನರ್ ತಪ್ಪಿದರೆ ಹರಿದು ಬಿಸಾಡಬಹುದು. ಹೆಲಿಕಾಪ್ಟರಿನ ಬಿಡಿಭಾಗ ತಪ್ಪಿದರೆ ಅದರಲ್ಲಿ ಕುಳಿತವರ ಪ್ರಾಣದ ಪ್ರಶ್ನೆ.

ಶಿಕ್ಷಕರೇ, ಇದನ್ನು ಕಲಿಸಲು ಗಣಕವೇ ಬೇಕಿಲ್ಲ. ಕೈವಾರದಂಥ ಒಂದು ಸಲಕರಣೆಯ ವಿವರಣೆಯನ್ನು ಒಬ್ಬ ವಿದ್ಯಾರ್ಥಿಯಿಂದ ಐದು ಸಾಲಿನಲ್ಲಿ ಬರೆಸಿ. ಅದನ್ನು ಮಾತ್ರ ಓದಿ ಇನ್ನೊಬ್ಬರು ಒಂದು ಚಿತ್ರ ಬರೆಯಲಿ. ಮಾತಾಡುವಂತಿಲ್ಲ. ಕೊನೆಯಲ್ಲಿ, ಎಲ್ಲೆಲ್ಲಿ ಊಹಿಸಬೇಕಾಯಿತು ಎಂದು ಅವರನ್ನು ಕೇಳಿ. ವಿವರಣೆಯಲ್ಲಿ ಬಿಟ್ಟುಹೋದದ್ದು ಅದೇ.