ನಿಗಡಿಯೋ, ಕೊತ್ರೂಡೋ?

ಮೊನ್ನೆ ಅಣ್ಣನ ಮಗ ಧಾರವಾಡದಿಂದ ಬಂದಿದ್ದ. ಹಿಂಜವಡಿಯಲ್ಲಿ ಅವನಿಗೆ ಕೆಲಸ ಸಿಕ್ಕಿದೆ. ನಾಲ್ಕು ವರ್ಷದ ಮಗಳಿದ್ದಾಳೆ. ಚಹಾ ಮುಗಿಯುವ ಮೊದಲೇ ಮೊಬೈಲು ತೆಗೆದು ಒಂದು ಪಟ್ಟಿ ತೋರಿಸಿದ. ಎಡಗಡೆ ರಾವೇತ, ಬಲಗಡೆ ನಿಗಡಿ. ಕೆಳಗೆ ಶಾಲೆ, ಫೀ, ಚದರಡಿ ದರ, ಹತ್ತು ವರ್ಷದಲ್ಲಿ ಬೆಲೆ ಎಷ್ಟು ಏರಬಹುದು, ಎಲ್ಲ ಇತ್ತು.

"ಕಾಕಾ, ನೀವು ಇಲ್ಲಿ ನಲವತ್ತು ವರ್ಷದಿಂದ ಇದ್ದೀರಿ. ಯಾವದು ಛಲೋ ಹೇಳ್ರಿ."

ನನಗೆ ನಗು ಬಂತು. 1993ರಲ್ಲಿ ಇಂಥದೇ ಪಟ್ಟಿಯನ್ನು ನಾನೂ ಮಾಡಿದ್ದೆ, ಕಾರ್ಖಾನೆಯ ಹಳೇ ಡೈರಿಯಲ್ಲಿ, ಸೀಸದ ಕಡ್ಡಿಯಿಂದ. ಆಗ ಎಡಗಡೆ ಕೊತ್ರೂಡ, ಬಲಗಡೆ ನಿಗಡಿ. ಅವನಿಗೆ ಉತ್ತರ ಕೊಡಬೇಕಾದರೆ ನನ್ನ ಪಟ್ಟಿಯ ಕಥೆಯನ್ನೇ ಹೇಳಬೇಕಾಯಿತು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನಾನು ಊರು ಬಿಟ್ಟದ್ದು 1984ರಲ್ಲಿ. ಆಗ ಹುಬ್ಬಳ್ಳಿ ಕಡೆಯಿಂದ ಮೀಟರ್ ಗೇಜ್ ಗಾಡಿಯಲ್ಲಿ ಮೀರಜಿಗೆ ಬಂದು, ಅಲ್ಲಿ ಟ್ರಂಕು ಹಾಸಿಗೆ ಸಮೇತ ಇಳಿದು, ಬ್ರಾಡ್ ಗೇಜ್ ಗಾಡಿ ಹತ್ತಬೇಕಿತ್ತು. ಆದರೂ ನಮ್ಮ ಕಡೆಯವರಿಗೆ ಪುಣೆ ಪರದೇಶವೇನೂ ಆಗಿರಲಿಲ್ಲ. 1956ರಲ್ಲಿ ರಾಜ್ಯಗಳ ಮರುವಿಂಗಡಣೆ ಆಗುವತನಕ ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರಗಳೆಲ್ಲ ಪುಣೆಯಂತೆಯೇ ಮುಂಬಯಿ ಆಡಳಿತಕ್ಕೆ ಸೇರಿದ್ದವು. ಓದುವ ಹುಡುಗರು ಪುಣೆಗೆ ಹೋಗುವುದು ವಾಡಿಕೆ. ಬೇಂದ್ರೆಯವರು ಬಿ.ಎ. ಮುಗಿಸಿದ್ದು ಫರ್ಗ್ಯುಸನ್ ಕಾಲೇಜಿನಲ್ಲಿ, 1918ರಲ್ಲಿ. ಕುಂದಗೋಳದ ಸವಾಯಿ ಗಂಧರ್ವರ ನೆನಪಿನ ಸಂಗೀತೋತ್ಸವ 1953ರಿಂದ ನಡೆಯುತ್ತಿರುವುದೂ ಪುಣೆಯಲ್ಲೇ. ಅದನ್ನು ಕಟ್ಟಿ ಬೆಳೆಸಿದ ಭೀಮಸೇನ ಜೋಶಿಯವರೂ ಗದಗ ಸೀಮೆಯವರು. ಹೀಗಾಗಿ "ಪುಣೆಗೆ ಹೊಂಟೀನಿ" ಅಂದರೆ ನಮ್ಮ ಓಣಿಯಲ್ಲಿ ಯಾರೂ ಅಳುತ್ತಿರಲಿಲ್ಲ.

ಆದರೆ ನಾನು ಬಂದು ಸೇರಿದ್ದು ಆ ಪುಣೆಯನ್ನಲ್ಲ, ಮುಂಬಯಿ ರಸ್ತೆಗುಂಟ ಬೆಳೆದ ಕಾರ್ಖಾನೆಗಳ ಪುಣೆಯನ್ನು. 1954ರಲ್ಲಿ ಪಿಂಪ್ರಿಯಲ್ಲಿ ಹಿಂದೂಸ್ತಾನ್ ಆಂಟಿಬಯೋಟಿಕ್ಸ್ ಸ್ಥಾಪನೆಯಾಯಿತು. ಪೆನಿಸಿಲಿನ್ ತಯಾರಿಸಲು ಸರಕಾರವೇ ಹಾಕಿದ ಕಾರ್ಖಾನೆ ಅದು. ಅರವತ್ತರ ದಶಕದಲ್ಲಿ ಎಮ್.ಐ.ಡಿ.ಸಿ. ಬಂತು, ಆಕುರ್ಡಿಯಲ್ಲಿ ಬಜಾಜ್ ಬಂತು, ಟೆಲ್ಕೊ ಬಂತು, ಅವುಗಳ ಹಿಂದೆ ಬಿಡಿಭಾಗ ಮಾಡುವ ನೂರಾರು ಸಣ್ಣ ಶೆಡ್ಡುಗಳು ಬಂದವು. 1970ರಲ್ಲಿ ಪಿಂಪ್ರಿ, ಚಿಂಚವಡ, ಆಕುರ್ಡಿ, ಭೋಸರಿ ಹಳ್ಳಿಗಳು ಸೇರಿ ನಗರಪಾಲಿಕೆ ಆಯಿತು, 1982ರಲ್ಲಿ ಮಹಾನಗರಪಾಲಿಕೆ.

ಕೆಲಸಕ್ಕೆ ಬಂದವರು ಮಲಗುವುದೆಲ್ಲಿ? ಇದಕ್ಕೆಂದೇ 1972ರಲ್ಲಿ ಸರಕಾರ ಪಿಂಪ್ರಿ ಚಿಂಚವಡ ನವನಗರ ವಿಕಾಸ ಪ್ರಾಧಿಕರಣ ಸ್ಥಾಪಿಸಿತು. ಜನರ ಬಾಯಲ್ಲಿ ಅದು ಬರೇ 'ಪ್ರಾಧಿಕರಣ'. ನಿಗಡಿ, ಆಕುರ್ಡಿ, ಚಿಂಚವಡ, ರಾವೇತ, ಥೇರಗಾಂವ ಸುತ್ತಿನ ರೈತರ ಹೊಲಗಳನ್ನು ವಶಪಡಿಸಿಕೊಂಡು, ಸೆಕ್ಟರುಗಳಾಗಿ ಗೆರೆ ಹಾಕಿ, ಅಗಲ ರಸ್ತೆ ಬಿಟ್ಟು, ಶಾಲೆಗಿಷ್ಟು, ತೋಟಕ್ಕಿಷ್ಟು, ಅಂಗಡಿಗಿಷ್ಟು ಎಂದು ಜಾಗ ಕಾದಿಟ್ಟು ಪ್ಲಾಟು ಹಂಚಿತು. ಹಂಚಿತು ಅಂದರೆ ಮಾರಲಿಲ್ಲ, 99 ವರ್ಷದ ಲೀಜಿಗೆ ಕೊಟ್ಟಿತು. ಮನೆ ನಿಮ್ಮದು, ನೆಲ ಪ್ರಾಧಿಕರಣದ್ದು ಎಂದಿತ್ತು. ಮಾರಬೇಕಾದರೆ ಅವರ ಒಪ್ಪಿಗೆ ಬೇಕಿತ್ತು, ಅದಕ್ಕೊಂದು ಫೀ ಕಟ್ಟಬೇಕಿತ್ತು.

ಈಗ ನನ್ನ ಡೈರಿಗೆ ಬರೋಣ. 1993ರಲ್ಲಿ ಮಗಳಿಗೆ ಐದು ವರ್ಷ, ಮಗನಿಗೆ ಎರಡು. ಬಾಡಿಗೆ ಮನೆಯ ಮಾಲಕರು ಬಿಡಲು ಹೇಳಿದ್ದರು. ಸಾಲ, ಪ್ರಾವಿಡೆಂಟ್ ಫಂಡು, ಹೆಂಡತಿಯ ಬಳೆ ಎಲ್ಲ ಕೂಡಿಸಿದರೆ ಮೂರೂವರೆ ಲಕ್ಷ ಆಗುತ್ತಿತ್ತು.

ಕೊತ್ರೂಡದ ಕೆಳಗೆ ನಾನು ಬರೆದ ಮೊದಲ ಮಾತು 'ಕನ್ನಡ ಶಾಲೆ'. ಅಲ್ಲಿಂದ ಹತ್ತಿರ, ಎರಂಡವಣೆಯ ಗಣೇಶನಗರದಲ್ಲಿ ಪುಣೆಯ ಕನ್ನಡ ಸಂಘದವರು ನಡೆಸುವ ಕನ್ನಡ ಮಾಧ್ಯಮದ ಶಾಲೆ ಇದೆ, ಈಗ ಡಾ. ಶಾಮರಾವ್ ಕಲ್ಮಾಡಿಯವರ ಹೆಸರು ಹೊತ್ತಿರುವುದು. ಮಹಾರಾಷ್ಟ್ರದಲ್ಲಿ ಹತ್ತನೆಯ ಇಯತ್ತೆಯ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಬಹುದು ಎಂದು ಎಷ್ಟೋ ಜನರಿಗೆ ಗೊತ್ತಿಲ್ಲ. ಸೊಲ್ಲಾಪುರ, ಅಕ್ಕಲಕೋಟ, ಜತ್ತ ಕಡೆಯ ಮಕ್ಕಳು ಬರೆಯುತ್ತಲೇ ಬಂದಿದ್ದಾರೆ. ಇನ್ನು ಕೊತ್ರೂಡದಲ್ಲಿ ನಮ್ಮ ಮಂದಿ ಇದ್ದರು, ನಾಟಕ ಸಂಗೀತ ಕೂಗಳತೆಯಲ್ಲಿತ್ತು. ಆದರೆ ಮೂರೂವರೆ ಲಕ್ಷಕ್ಕೆ ಅಲ್ಲಿ ಸಿಗುತ್ತಿದ್ದದ್ದು ಮೂರನೇ ಮಹಡಿಯ ಒಂದು ಮಲಗುವ ಕೋಣೆಯ ಮನೆ. ಕಾರ್ಖಾನೆಗೆ ಹೋಗಿಬರಲು ಎರಡು ಬಸ್ಸು, ಮೊದಲ ಪಾಳಿ ಇದ್ದರೆ ಬೆಳಗಿನ ನಾಲ್ಕೂವರೆಗೆ ಏಳಬೇಕು.

ನಿಗಡಿಯಲ್ಲಿ ಅದೇ ದುಡ್ಡಿಗೆ ಯಮುನಾನಗರದ ಹತ್ತಿರ ಕಾರ್ಮಿಕರ ಸಹಕಾರಿ ಸೊಸೈಟಿಯೊಂದರಲ್ಲಿ ನೆಲಮಹಡಿಯ ಮನೆ, ಎರಡು ಕೋಣೆ, ಮುಂದೆ ತುಳಸಿ ಇಡುವಷ್ಟು ಅಂಗಳ. ಕಂಪನಿ ಬಸ್ಸು ಮೂಲೆಗೇ ಬರುತ್ತಿತ್ತು. ನೀರಿಗೆ ತೊಂದರೆ ಇರಲಿಲ್ಲ. ಪವನಾ ನದಿಯ ನೀರನ್ನು ರಾವೇತದಲ್ಲಿ ಎತ್ತಿ ನಿಗಡಿಯ ಸೆಕ್ಟರ್ 23ರಲ್ಲೇ ಶುದ್ಧಮಾಡಿ ಊರಿಗೆಲ್ಲ ಬಿಡುತ್ತಿದ್ದರು. ಕಾರ್ಖಾನೆಗೆ ಬರುವ ಸರಕಿನ ಮೇಲೆ ಜಕಾತಿ ಸಿಗುತ್ತಿದ್ದುದರಿಂದ ಪಾಲಿಕೆಯ ಕೈಯಲ್ಲಿ ರೊಕ್ಕ ಆಡುತ್ತಿತ್ತು, ರಸ್ತೆ ದೀಪ ಉರಿಯುತ್ತಿದ್ದವು. ಶಾಲೆ ಅಂದರೆ ಮರಾಠಿ ಮಾಧ್ಯಮದ್ದು ಒಳ್ಳೆಯವಿದ್ದವು. 1962ರಲ್ಲಿ ಅಪ್ಪಾ ಪೇಂಡಸೆಯವರು ಪುಣೆಯಲ್ಲಿ ಶುರುಮಾಡಿದ ಜ್ಞಾನಪ್ರಬೋಧಿನಿಯ ಶಾಖೆಯೂ ಇಲ್ಲಿದೆ. ಅದರ ಹೆಸರೇ ನವನಗರ ವಿದ್ಯಾಲಯ. ಆದರೆ ಕನ್ನಡ ಶಾಲೆ ಇಪ್ಪತ್ತು ಕಿಲೋಮೀಟರು ದೂರ. ಐದು ವರ್ಷದ ಕೂಸನ್ನು ದಿನಾ ಅಷ್ಟು ದೂರ ಕಳಿಸುವವರಾರು?

ಮೂರನೇ ದಾರಿಯೂ ಒಂದಿತ್ತು. ಜೊತೆಗಾರನೊಬ್ಬ ಥೇರಗಾಂವದ ಕಡೆ ಒಂದೂವರೆ ಗುಂಟೆ ಕೊಡಿಸುತ್ತೇನೆಂದ. ಗುಂಟೆ ನಮ್ಮದೇ ಮಾತು, ನಮ್ಮದೇ ಲೆಕ್ಕ, 1,089 ಚದರಡಿ. ಬಹಳ ಅಗ್ಗ. ಆದರೆ ಸ್ಟಾಂಪು ಕಾಗದದ ಮೇಲಿನ ಬರಹ ಬಿಟ್ಟರೆ ಬೇರೆ ದಾಖಲೆ ಇರಲಿಲ್ಲ, ಸಾತಬಾರಾ ಉತಾರದಲ್ಲಿ ಹೆಸರು ಏರುವುದಿಲ್ಲ. ಹೀಗೆ ಗುಂಟೆಗುಂಟೆಯಾಗಿ ಕೊಂಡು ಕಟ್ಟಿದವರ ಸಲುವಾಗಿ 2001ರಲ್ಲಿ ಮಹಾರಾಷ್ಟ್ರದಲ್ಲಿ ಗುಂಠೇವಾರಿ ಕಾಯದೆ ಎಂದೇ ಒಂದು ಕಾಯದೆ ಬಂತು. ಆದರೂ ಪ್ರಾಧಿಕರಣದ ನೆಲದ ಮೇಲೆ ಕಟ್ಟಿದವರು ನೋಟೀಸಿನ ಹೆದರಿಕೆಯಲ್ಲೇ ವರ್ಷ ಕಳೆದರು. ನಾನು ಅದನ್ನು ಡೈರಿಯಲ್ಲಿ ಬರೆಯಲೂ ಇಲ್ಲ.

ಪಟ್ಟಿ ಓದಿ ಹೇಳಿದಾಗ ಹೆಂಡತಿ ರೊಟ್ಟಿ ಬಡಿಯುತ್ತಿದ್ದಳು. ಕೈ ನಿಲ್ಲಿಸದೆ ಕೇಳಿದಳು: "ಅಲ್ಲರೀ, ಮನಿ ದೊಡ್ಡದಾತು, ನೀರೂ ಬಂತು. ಮಕ್ಕಳು ನಿಮ್ಮ ಅವ್ವನ ಪತ್ರ ಓದೂದು ಹೆಂಗ?"

"ಮನ್ಯಾಗ ಕಲಿಸಿದ್ರಾತು" ಅಂದೆ.

ಅಷ್ಟು ಸಲೀಸಾಗಿ ಅಂದುಬಿಟ್ಟೆ. ನಿಗಡಿಗೆ ಬಂದೆವು.

ಮನೆಯಲ್ಲಿ ಕಲಿಸಲಿಲ್ಲ. ಸುಳ್ಳು ಹೇಳಿ ಏನು ಮಾಡಲಿ? ಪಾಳಿ ಕೆಲಸ, ಓವರ್‌ಟೈಮು, ಸಾಲದ ಕಂತು. ಭಾನುವಾರ ಬಂದರೆ ಸೊಸೈಟಿಯ ಮೀಟಿಂಗು, ಇಲ್ಲವೆ ನಿದ್ದೆ. ಮಕ್ಕಳು ಮರಾಠಿ ಶಾಲೆಗೆ ಹೋದರು, ಮುಂದೆ ಗಣಿತ ವಿಜ್ಞಾನ ಇಂಗ್ಲಿಷಿನಲ್ಲಿ ಕಲಿಸುವ 'ಸೆಮಿ ಇಂಗ್ಲಿಷ್' ವರ್ಗಕ್ಕೆ ಸೇರಿದರು, ಚೆನ್ನಾಗಿಯೇ ಓದಿದರು. ಮನೆಯಲ್ಲಿ ಕನ್ನಡ ಮಾತಾಡುತ್ತಿದ್ದರು. ಅಕ್ಷರ ಮಾತ್ರ ಬರಲಿಲ್ಲ.

ಅವ್ವ ನಾಲ್ಕನೇ ಇಯತ್ತೆ ಕಲಿತವಳು. ತಿಂಗಳಿಗೊಂದು ಇನ್‌ಲ್ಯಾಂಡು ಬರೆಯುತ್ತಿದ್ದಳು, ಮೊಮ್ಮಗಳ ಹೆಸರಿಗೆ. ನಾನು ಓದಿ ಹೇಳುತ್ತಿದ್ದೆ. ರಾತ್ರಿ ಪಾಳಿ ಇದ್ದ ವಾರ ಪತ್ರ ಗೂಡಿನಲ್ಲೇ ಬಿದ್ದಿರುತ್ತಿತ್ತು. 1999ರಲ್ಲಿ, ಐದನೇ ಇಯತ್ತೆಯಲ್ಲಿದ್ದಾಗ, ಮಗಳು ತಾನೇ ಅಜ್ಜಿಗೆ ಉತ್ತರ ಬರೆದಳು. ಭಾಷೆ ಕನ್ನಡ, ಲಿಪಿ ದೇವನಾಗರಿ. "ಅಜ್ಜಿ, ನೀ ಯಾವಾಗ ಬರ್ತಿ" ಎಂಬುದನ್ನು ಮರಾಠಿ ಅಕ್ಷರದಲ್ಲಿ ಬರೆದಿದ್ದಳು. ಅವ್ವ ಅದನ್ನು ಹಿಂದಿ ಕಲಿತಿದ್ದ ಪಕ್ಕದ ಮನೆ ಹುಡುಗನ ಕೈಲಿ ಓದಿಸಿದಳಂತೆ. ನಾನು ಊರಿಗೆ ಹೋದಾಗ ಬೈಯಬಹುದು ಅಂದುಕೊಂಡಿದ್ದೆ. "ಅಕ್ಷರ ಅಷ್ಟ ಬ್ಯಾರೆ, ಮಾತು ನಮ್ದ ಐತಿ" ಅಂದಳು. ಸ್ವಲ್ಪ ಹೊತ್ತು ಬಿಟ್ಟು, "ಆದ್ರ ನಾ ಬರದದ್ದು ಆಕಿಗೆ ಯಾರ್ ಓದತಾರ, ನೀ ಮನ್ಯಾಗ ಇರದಿದ್ರ?" ಅಂದಳು. ನನ್ನ ಬಳಿ ಉತ್ತರವಿರಲಿಲ್ಲ. 2002ರಲ್ಲಿ ಅವ್ವ ತೀರಿಕೊಂಡಳು. ಪತ್ರಗಳು ಇಂದಿಗೂ ನನ್ನ ಟ್ರಂಕಿನಲ್ಲಿವೆ. ಯಾರಿಗೆ ಬರೆದದ್ದೋ ಅವಳಿಗೆ ಅವು ಇನ್ನೂ ಓದಲು ಬಾರವು.

ಆ ಕಾಲಕ್ಕೆ ನಮಗೆ ಹಾಲು ತರುತ್ತಿದ್ದವರು ಆಕುರ್ಡಿಯ ಒಬ್ಬ ರೈತರ ಮಗ. ಅವರ ತಂದೆಯ ಹೊಲ ಎಪ್ಪತ್ತರ ದಶಕದಲ್ಲಿ ಪ್ರಾಧಿಕರಣಕ್ಕೆ ಹೋಗಿತ್ತು. ಒಂದು ದಿನ ಕ್ಯಾನು ಕೆಳಗಿಟ್ಟು, ದೂರದಿಂದ ಶಾಲೆಯ ಗೋಡೆ ತೋರಿಸಿ, ಅಲ್ಲಿ ನಮ್ಮ ಜೋಳ ಇರುತ್ತಿತ್ತು ಎಂದು ಮರಾಠಿಯಲ್ಲಿ ಹೇಳಿದರು. ಹೊಲ ಹೋದ ರೈತರಿಗೆ ಅಭಿವೃದ್ಧಿಪಡಿಸಿದ ನೆಲದಲ್ಲಿ ನೂರಕ್ಕೆ ಹನ್ನೆರಡೂವರೆ ಪಾಲು ಮರಳಿ ಕೊಡಬೇಕೆಂಬ ಬೇಡಿಕೆ ದಶಕಗಟ್ಟಲೆ ನಡೆದದ್ದು ಇಲ್ಲಿಯವರಿಗೆಲ್ಲ ಗೊತ್ತು. ನಾನು ನನ್ನ ಡೈರಿಯಲ್ಲಿ ಬರೆದುಕೊಂಡ ಅಗಲ ರಸ್ತೆ, ಶಾಲೆಯ ಮೈದಾನ, ಅಗ್ಗದ ದರ ಇವೆಲ್ಲ ಅವರ ಹೊಲದಿಂದ ಬಂದವು. ಆ ಬೆಳಿಗ್ಗೆಯ ತನಕ ನನಗೆ ಅದು ಹೊಳೆದೇ ಇರಲಿಲ್ಲ. ಅವರ ಬೆಲೆಯನ್ನು ಬೇರೆಯವರು ಕಟ್ಟಿದರು. ನನ್ನದನ್ನು ನಾನೇ ಕಟ್ಟಿ, ಅಗ್ಗವಾಯಿತೆಂದು ಖುಷಿಪಟ್ಟಿದ್ದೆ.

ಇನ್ನೊಂದು ಸಂಗತಿ ಗೊತ್ತಾದದ್ದು ಬಹಳ ತಡವಾಗಿ. ನಿವೃತ್ತಿಯಾದ ಮೇಲೆ ಒಮ್ಮೆ ಪುಣೆಯ ಸೇನಾಪತಿ ಬಾಪಟ ರಸ್ತೆಯಲ್ಲಿ ಬಾಲಭಾರತಿಯ ಕಚೇರಿ ಮುಂದೆ ಹಾದುಹೋಗುತ್ತಿದ್ದೆ. 1967ರಿಂದ ಮಹಾರಾಷ್ಟ್ರದ ಶಾಲೆಗಳಿಗೆ ಪಠ್ಯಪುಸ್ತಕ ತಯಾರಿಸುವ ಸಂಸ್ಥೆ ಅದು. ನನ್ನ ಮಕ್ಕಳ ಮರಾಠಿ ಪುಸ್ತಕಗಳ ಮೇಲೆಲ್ಲ ಅದೇ ಹೆಸರು. ಸುಮ್ಮನೆ ವಿಚಾರಿಸಿದೆ. ಕನ್ನಡದಲ್ಲೂ ಪುಸ್ತಕ ತರುತ್ತಾರೆ! ಒಂದನೇ ಇಯತ್ತೆಯಿಂದ, ಇದೇ ಊರಿನಲ್ಲಿ. ಒಂದು ತಟ್ಟೆ ತಿಂಡಿಯ ರೊಕ್ಕಕ್ಕೆ ಪುಸ್ತಕ ಸಿಗುತ್ತಿತ್ತು. ಆ ಪುಸ್ತಕಕ್ಕೆ ಕೊತ್ರೂಡವೂ ಒಂದೇ, ನಿಗಡಿಯೂ ಒಂದೇ. ಬೇಕಾದದ್ದು ಭಾನುವಾರದ ಒಂದು ತಾಸು. ಅದನ್ನು ನಾನು ಪಟ್ಟಿಯಲ್ಲಿ ಬರೆದಿರಲಿಲ್ಲ. 'ನಿಗಡಿಗೆ ಬಂದೆ, ಕನ್ನಡ ಹೋಯಿತು' ಎಂದು ಇಷ್ಟು ವರ್ಷ ಊರಿನ ಮೇಲೆ ಹಾಕಿದ ತಪ್ಪು ನನ್ನದೇ ಆಗಿತ್ತು.

ಈಗ ನಿಗಡಿ ಬಹಳ ಬದಲಾಗಿದೆ. ಬಜಾಜಿನವರು ಆಕುರ್ಡಿಯಲ್ಲಿ 2007ರಲ್ಲಿ ಗಾಡಿ ತಯಾರಿಕೆ ನಿಲ್ಲಿಸಿದರು. 2022ರಲ್ಲಿ ಅಲ್ಲೇ ವಿದ್ಯುತ್ ಚೇತಕ ಶುರುವಾಯಿತು. ಜಕಾತಿ 2013ರಲ್ಲಿ ಹೋಯಿತು. ಪ್ರಾಧಿಕರಣವನ್ನೇ 2021ರಲ್ಲಿ ಪುಣೆ ಮಹಾನಗರ ಪ್ರದೇಶ ವಿಕಾಸ ಪ್ರಾಧಿಕರಣದಲ್ಲಿ ವಿಲೀನ ಮಾಡಿದರು. ಪಿಂಪ್ರಿವರೆಗೆ 2022ರಲ್ಲಿ ಬಂದ ಮೆಟ್ರೋವನ್ನು ಭಕ್ತಿಶಕ್ತಿ ಚೌಕಿನತನಕ ತರಲು 2023ರಲ್ಲಿ ಒಪ್ಪಿಗೆ ಸಿಕ್ಕಿತು. ಮನೆಯ ಬೆಲೆ ಎಷ್ಟೋ ಪಟ್ಟು ಏರಿದೆ. ಮಕ್ಕಳಿಬ್ಬರೂ ಬೇರೆ ಊರಲ್ಲಿ ಇದ್ದಾರೆ. ಮಾರುವ ವಿಚಾರ ನಮಗಿಲ್ಲ, ಆದ್ದರಿಂದ ಏರಿದ ಬೆಲೆಯಿಂದ ನಮ್ಮ ಚಹಾಕ್ಕೆ ಒಂದು ಚಮಚ ಸಕ್ಕರೆಯೂ ಹೆಚ್ಚಿಗೆ ಬಿದ್ದಿಲ್ಲ.

ಇಷ್ಟೆಲ್ಲ ಕೇಳಿದ ಹುಡುಗ, "ಅಂದ್ರ ಎಲ್ಲಿ ತಗೊಳ್ಳಲಿ ಕಾಕಾ?" ಎಂದು ಮತ್ತೆ ಕೇಳಿದ. ಅವನೂ ನಮ್ಮ ಮನೆತನದವನೇ ತಾನೆ!

ಹೇಳಿದೆ: "ನೆಲದ ಕಾಗದ ಪತ್ರ ವಕೀಲರ ಕೈಲೆ ನೋಡಿಸು. ಲೀಜೋ, ಸ್ವಂತದ್ದೋ, ಮಾರೂ ಮುಂದ ಯಾರ ಒಪ್ಪಿಗಿ ಬೇಕು, ಕೇಳು. ಮಳಿಗಾಲದಾಗೊಮ್ಮೆ, ಬ್ಯಾಸಿಗ್ಯಾಗೊಮ್ಮೆ ಹೋಗಿ ನೀರು ನೋಡು. ಶಾಲಿ ಕೂಸಿನ ಕಾಲಳತೀಗೆ ಇರಲಿ. ಆಮ್ಯಾಲ ಪಟ್ಟಿಯೊಳಗ ಇನ್ನೊಂದು ಸಾಲು ಬರಕೋ, ರವಿವಾರ ಒಂದು ತಾಸು."

ರಾವೇತದಲ್ಲಿ ಮನೆ ಹಿಡಿದಿದ್ದಾನೆ. ನಮ್ಮಿಂದ ಆರು ಕಿಲೋಮೀಟರಿನೊಳಗೆ. ಹೋದ ಭಾನುವಾರ ಮಗಳನ್ನು ಕರೆದುಕೊಂಡು ಬಂದ. ಬಾಲಭಾರತಿಯ ಕನ್ನಡ ಪುಸ್ತಕ ತೆಗೆದಿಟ್ಟಿದ್ದೆ. ಹೆಂಡತಿ ಎಲ್ಲಿಂದಲೋ ಒಂದು ಪಾಟಿ ಹುಡುಕಿ ತಂದಿದ್ದಳು. ಕೂಸು 'ಅ' ತಿದ್ದಿತು, 'ಆ' ತಿದ್ದಿತು, 'ಇ'ಗೆ ಬಂದಾಗ ಸಾಕಾಗಿ ಅಂಗಳಕ್ಕೆ ಓಡಿತು. ಮುಂದಿನ ವಾರ 'ಇ'ಯಿಂದ ಶುರುಮಾಡಬೇಕು.